ಕೈಗಡಿಯಾರವೇ ಮೇಜುಗಡಿಯಾರವಾದಾಗ: ಒಂದು ಕೀಲಿನ ಲೆಕ್ಕಾಚಾರ

ಘಟಪ್ರಭಾ ನದಿಯ ದಂಡೆಗಳಲ್ಲಿ ಹರಡಿರುವ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಉದ್ದಿಮೆ ಎಂದೊಡನೆ ನೆನಪಿಗೆ ಬರುವುದು ಸಕ್ಕರೆ, ಬೆಲ್ಲ, ನೂಲು ಮತ್ತು ಕರದಂಟು. ಗಡಿಯಾರಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಆದರೆ ಹಗಲು ಮಣಿಕಟ್ಟಿನ ಮೇಲಿದ್ದು ರಾತ್ರಿ ಹಾಸಿಗೆಯ ಪಕ್ಕದ ಮೇಜಿನ ಮೇಲೆ ತಾನಾಗಿಯೇ ನಿಲ್ಲುವ ಒಂದು ಗಡಿಯಾರವನ್ನು ರೂಪಿಸಿ ಮಾರಬೇಕೆಂದು ಈ ಭಾಗದ ಸಣ್ಣ ಉದ್ಯಮಿಯೊಬ್ಬನು ಸಂಕಲ್ಪಿಸಿದನೆಂದು ಇಟ್ಟುಕೊಳ್ಳೋಣ. ಅವನು ಯಾವುದನ್ನು ತಾನೇ ತಯಾರಿಸಬೇಕು, ಯಾವುದನ್ನು ಕೊಂಡು ತರಬೇಕು, ಕಾಯಿದೆಯ ಆಶ್ರಯವನ್ನು ಎಲ್ಲಿ ಪಡೆಯಬೇಕು, ಹಾಕಿದ ಹಣ ಎಷ್ಟು ನಗ ಮಾರಿದ ಮೇಲೆ ಮರಳುತ್ತದೆ ಎಂಬ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಸಂಕಲ್ಪವನ್ನು ಬರಿಯ ಕನಸೆಂದು ತಳ್ಳಿಹಾಕಲು ಬರುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಶಾಲೆಗಳೂ ದಶಕಗಳಿಂದ ನಡೆದುಬಂದಿವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ಅತಿ ನಿಖರವಾಗಿ ಕೊರೆದು ರಫ್ತು ಮಾಡುವ ವಿಶೇಷ ಆರ್ಥಿಕ ವಲಯವಿದೆ. ಗೋಕಾಕದ ಬಣ್ಣದ ಮರದ ಗೊಂಬೆ, ಹಣ್ಣುಗಳನ್ನು ನೋಡದವರು ವಿರಳ. ಅಂದರೆ ಲೋಹದ ಕೆಲಸವೂ ಮರದ ಕೆಲಸವೂ ಐವತ್ತು-ಅರುವತ್ತು ಕಿಲೋಮೀಟರಿನ ಒಳಗೇ ಸಿಗುತ್ತವೆ. ಸಿಗದಿರುವುದು ಗಡಿಯಾರದ ಒಳಗಿನ ಯಂತ್ರವೊಂದೇ. ಅದನ್ನು ಇಲ್ಲಿ ತಯಾರಿಸುವ ಅಗತ್ಯವೂ ಇಲ್ಲ. ಜಗತ್ತಿನ ಅರ್ಧಕ್ಕರ್ಧ ಗಡಿಯಾರ ಕಂಪನಿಗಳು ಬೇರೆಯವರು ಮಾಡಿದ ಯಂತ್ರವನ್ನೇ ಕೊಂಡು ತಮ್ಮ ಹೆಸರು ಹಾಕುತ್ತವೆ ಎಂದರೆ ಅತಿಶಯೋಕ್ತಿಯಾಗಲಾರದು. ಹಾಗಾದರೆ ಉದ್ಯಮಿಯ ಸ್ವಂತದ್ದೆಂದು ಉಳಿಯುವುದು ಯಾವುದು? ಕೈಗಡಿಯಾರವನ್ನು ಮೇಜುಗಡಿಯಾರವಾಗಿ ಮಾರ್ಪಡಿಸುವ ಕೀಲು. ಈ ಸರಕಿನ ಬೆಲೆಯೂ ಅಪಾಯವೂ ಅಲ್ಲಿಯೇ ಇವೆ.

ಹಿಂದೆ ನಡೆದ ಪ್ರಯತ್ನಗಳು

ಕಲ್ಪನೆ ಹೊಸದಲ್ಲ. ಜೇಬುಗಡಿಯಾರದ ಕಾಲದಲ್ಲಿಯೇ ರಾತ್ರಿ ಮಲಗುವ ಮುನ್ನ ಅದನ್ನು ಮರದ ಅಥವಾ ಹಿತ್ತಾಳೆಯ ಚಿಕ್ಕ ಸ್ತಂಭಕ್ಕೆ ತೂಗುಹಾಕಿ ಮೇಜುಗಡಿಯಾರದಂತೆ ಬಳಸುವ ರೂಢಿಯಿತ್ತು. 1926ರಲ್ಲಿ ಸ್ವಿಟ್ಜರ್ಲೆಂಡಿನ ಮೊವಾಡೊ ಕಂಪನಿ ಎರ್ಮೆಟೊ ಎಂಬ ಗಡಿಯಾರವನ್ನು ಹೊರತಂದಿತು. ಇದು ಎರಡು ಹೋಳಾಗಿ ಜಾರಿ ತೆರೆದುಕೊಳ್ಳುವ ಪುಟ್ಟ ಡಬ್ಬಿ. ಕೈಚೀಲದಲ್ಲಿ ಇಟ್ಟು ಒಯ್ಯಬಹುದು, ತೆರೆದು ಮೇಜಿನ ಮೇಲೆ ಇಡಲೂಬಹುದು. ಸ್ವಲ್ಪ ಕಾಲದಲ್ಲಿಯೇ, ಡಬ್ಬಿಯನ್ನು ತೆರೆದು ಮುಚ್ಚಿದಾಗಲೆಲ್ಲ ಗಡಿಯಾರಕ್ಕೆ ಚಾವಿ ತುಂಬುವ ಏರ್ಪಾಟನ್ನೂ ಅದಕ್ಕೆ ಸೇರಿಸಲಾಯಿತು. ಕೀಲಿನ ಚಲನೆಯನ್ನು ಇನ್ನೊಂದು ಉಪಯೋಗಕ್ಕೆ ದುಡಿಸಿಕೊಂಡ ಜಾಣತನ ಇಲ್ಲಿ ಮೆಚ್ಚತಕ್ಕದ್ದು.

ಭಾರತಕ್ಕೆ ಹತ್ತಿರದ ಉದಾಹರಣೆ 1931ರ ರೆವೆರ್ಸೊ. ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಪೋಲೊ ಆಡುವಾಗ ಕೈಗಡಿಯಾರದ ಗಾಜು ಒಡೆಯುತ್ತದೆಂದು ದೂರಿದ್ದರಿಂದ, ಚೌಕಟ್ಟಿನಲ್ಲಿ ಜಾರಿ ಪೂರ್ತಿ ಮಗುಚಿಕೊಳ್ಳುವ ಗಡಿಯಾರವನ್ನು ರೂಪಿಸಲಾಯಿತು. ಅದರ ಪೇಟೆಂಟ್ ಅರ್ಜಿ ಪ್ಯಾರಿಸ್ಸಿನಲ್ಲಿ 1931ರ ಮಾರ್ಚ್ 4ರಂದು ಸಲ್ಲಿಕೆಯಾಯಿತು. ಗಮನಿಸಬೇಕಾದದ್ದೇನೆಂದರೆ, ಪೇಟೆಂಟ್ ಕೇಳಿದ್ದು ಗಡಿಯಾರಕ್ಕಲ್ಲ, ಅದು ಜಾರಿ ತಿರುಗುವ ಬಗೆಗೆ. ಇತ್ತೀಚಿನ ಕಾಲದಲ್ಲಿ ಬೊವೆ ಕಂಪನಿ 2010ರಲ್ಲಿ ಪರಿಚಯಿಸಿದ ಅಮಾಡಿಯೊ ವ್ಯವಸ್ಥೆಯಲ್ಲಿ ಒಂದೇ ಗಡಿಯಾರವು ಯಾವ ಉಪಕರಣದ ನೆರವೂ ಇಲ್ಲದೆ ಕೈಗಡಿಯಾರ, ಜೇಬುಗಡಿಯಾರ ಮತ್ತು ಮೇಜುಗಡಿಯಾರ ಆಗುತ್ತದೆ. ಪಟ್ಟಿ ಕಳಚಿ ಹಿಂಬದಿಯ ಮುಚ್ಚಳವನ್ನು ತೆರೆದರೆ ಅದೇ ಆನಿಕೆಯಾಗಿ ನಿಲ್ಲುತ್ತದೆ. ಬೆಲೆ ಮಾತ್ರ ಲಕ್ಷಗಳಲ್ಲಿ. ನಮ್ಮ ಉದ್ಯಮಿಯ ಗ್ರಾಹಕರು ಅವರಲ್ಲ.

ಕರ್ನಾಟಕದ ಅನುಭವ ಇನ್ನೊಂದು ಬಗೆಯದು. ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿತು. 1978ರಲ್ಲಿ ತುಮಕೂರಿನಲ್ಲಿಯೂ ಘಟಕ ಬಂದಿತು. ಯಂತ್ರದಿಂದ ಹಿಡಿದು ಕವಚದ ತನಕ ಎಲ್ಲವನ್ನೂ ನಮ್ಮಲ್ಲೇ ಮಾಡಬೇಕೆಂಬುದು ಅಂದಿನ ಧ್ಯೇಯ. ಒಂದು ತಲೆಮಾರಿನ ಕನ್ನಡಿಗರಿಗೆ ಮೊದಲ ಸಂಬಳದ ಗಡಿಯಾರವೆಂದರೆ ಅದೇ. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟನ್, 1987ರಿಂದ ಮಾರುಕಟ್ಟೆಗೆ ತಂದದ್ದು ಸ್ಫಟಿಕ ಯಂತ್ರದ ಗಡಿಯಾರಗಳನ್ನು. ಅದಕ್ಕಿಂತ ಹೆಚ್ಚಾಗಿ, ಅದು ಮಾರಿದ್ದು ರೂಪವನ್ನು, ಅಂಗಡಿಯ ಅಂದವನ್ನು, ಉಡುಗೊರೆ ಕೊಡುವ ಸಂದರ್ಭವನ್ನು. 2002ರಲ್ಲಿ ಅದು ಕೇವಲ 1.15 ಮಿ.ಮೀ. ದಪ್ಪದ ಯಂತ್ರವನ್ನು ಬಳಸಿ 3.5 ಮಿ.ಮೀ. ದಪ್ಪದ ಎಡ್ಜ್ ಗಡಿಯಾರವನ್ನು ಹೊರತಂದಿತು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಸಮಯ ತೋರಿಸುವುದಷ್ಟೇ ಗಡಿಯಾರದ ಕೆಲಸವಾಗಿದ್ದ ದಿನಗಳು ಮುಗಿದಿದ್ದವು. ಇಂದು ಆ ಕೆಲಸವನ್ನು ಮೊಬೈಲ್ ಫೋನು ಬಿಟ್ಟಿಯಾಗಿ ಮಾಡಿಕೊಡುತ್ತದೆ, ಅಲಾರಂ ಸಹಿತ. ಆದ್ದರಿಂದ ಈ ಸರಕನ್ನು ಕೊಳ್ಳುವವನು ಸಮಯಕ್ಕಾಗಿ ಕೊಳ್ಳುವುದಿಲ್ಲ. ತಿರುಗಿಸಿ ನಿಲ್ಲಿಸುವ ಆ ಒಂದು ಚಲನೆಯ ಸಂತೋಷಕ್ಕಾಗಿ, ಮತ್ತೊಬ್ಬರಿಗೆ ಕೊಟ್ಟಾಗ ಅವರ ಮುಖದಲ್ಲಿ ಕಾಣುವ ಕುತೂಹಲಕ್ಕಾಗಿ ಕೊಳ್ಳುತ್ತಾನೆ.

ತೊಂಬತ್ತು ಡಿಗ್ರಿಯ ತೊಡಕು

ವಿನ್ಯಾಸದ ಮೊದಲ ತೊಡಕನ್ನು ಯಾರು ಬೇಕಾದರೂ ಮನೆಯಲ್ಲಿಯೇ ಪರೀಕ್ಷಿಸಬಹುದು. ಪಟ್ಟಿಯ ಕೊಂಡಿ ಹಾಕಿದ ಕೈಗಡಿಯಾರವನ್ನು ಮೇಜಿನ ಮೇಲೆ ಪಕ್ಕಕ್ಕೆ ಮಗ್ಗುಲಾಗಿ ನಿಲ್ಲಿಸಿದರೆ ಅದು ನಿಲ್ಲುತ್ತದೆ. ಆದರೆ ಒಂಬತ್ತರ ಅಂಕಿ ಕೆಳಗಾಗಿ, ಮೂರು ಮೇಲಾಗಿ, ಹನ್ನೆರಡು ಎಡಕ್ಕೆ ತಿರುಗಿರುತ್ತದೆ. ನಿದ್ದೆಗಣ್ಣಿನಲ್ಲಿ ನೋಡಿದವನಿಗೆ ಮೂರು ಗಂಟೆ ಹನ್ನೆರಡರಂತೆ ತೋರುವುದು ನಿಶ್ಚಯ. ಆಪಲ್ ಕಂಪನಿ 2015ರಲ್ಲಿ ತನ್ನ ಕೈಗಡಿಯಾರವನ್ನು ಚಾರ್ಜಿಗೆ ಹಾಕಿ ಮಗ್ಗುಲಾಗಿ ಇಟ್ಟಾಗ ಅಂಕಿಗಳೇ ನೆಟ್ಟಗೆ ತಿರುಗಿಕೊಳ್ಳುವ ವ್ಯವಸ್ಥೆ ತಂದಿತು. ಪರದೆಯ ಮೇಲೆ ಇದು ಸುಲಭ. ಮುಳ್ಳುಗಳಿರುವ ಗಡಿಯಾರದಲ್ಲಿ ಇಡೀ ಕವಚವನ್ನೇ ತಿರುಗಿಸಬೇಕಾಗುತ್ತದೆ.

ಸಾಧ್ಯವಿರುವ ದಾರಿಗಳು ಮೂರು. ಮೊದಲನೆಯದು, ಗಡಿಯಾರವನ್ನು ಮುಟ್ಟದೆಯೇ ಅದರ ಪಟ್ಟಿಯನ್ನು ಸುತ್ತಿ ಕೂರಿಸಲು ಓರೆಯಾದ ಮರದ ಪೀಠವೊಂದನ್ನು ಜೊತೆಗೆ ಕೊಡುವುದು. ಇಲ್ಲಿ ಹನ್ನೆರಡು ತಾನಾಗಿ ಮೇಲಿರುತ್ತದೆ, ಕೀಲೂ ಬೇಡ, ಗೋಕಾಕದ ಕುಶಲಕರ್ಮಿಗಳಿಗೆ ಕೆಲಸವೂ ಸಿಗುತ್ತದೆ. ಆದರೆ ಪ್ರಯಾಣದಲ್ಲಿ ಪೀಠ ಮನೆಯಲ್ಲೇ ಉಳಿಯುತ್ತದೆ. ಅದನ್ನು ಮಾರ್ಪಡುವ ಗಡಿಯಾರ ಎನ್ನುವುದಕ್ಕಿಂತ ಗಡಿಯಾರ ಮತ್ತು ಪೀಠ ಎನ್ನುವುದೇ ಸರಿ. ಎರಡನೆಯದು ಬೊವೆಯ ದಾರಿ: ಹಿಂಬದಿಯ ಮುಚ್ಚಳವನ್ನೇ ಆನಿಕೆಯಾಗಿ ತೆರೆಯುವುದು. ಆರರ ಅಂಕಿಯ ಕೆಳಗಿನ ಪಟ್ಟಿ ಅಡ್ಡ ಬರುವುದರಿಂದ ಅದನ್ನು ದಿನವೂ ಕಳಚಿ ಸಿಕ್ಕಿಸಬೇಕು. ನಡೆಯುವಾಗ ಪಟ್ಟಿ ಕಳಚಿ ಗಡಿಯಾರ ಚರಂಡಿಗೆ ಬಿದ್ದ ಗ್ರಾಹಕನಿಗೆ ಯಾವ ಸಮಜಾಯಿಷಿಯೂ ಸಾಲದು.

ಮೂರನೆಯ ದಾರಿಯೇ ಈ ಭಾಗದ ಯಂತ್ರಶಾಲೆಗಳಿಗೆ ಹೆಚ್ಚು ಒಗ್ಗುತ್ತದೆ. ಪಟ್ಟಿಯನ್ನು ಒಂದು ತಳತಟ್ಟೆಗೆ ಜೋಡಿಸಿ, ಕವಚವು ಆ ತಟ್ಟೆಯ ಮೇಲೆ ಕಾಲು ಸುತ್ತು ತಿರುಗುವಂತೆ ಮಾಡುವುದು. ಸೊನ್ನೆ ಮತ್ತು ತೊಂಬತ್ತು ಡಿಗ್ರಿಗಳಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಉಕ್ಕಿನ ಗುಂಡು ಕುಳಿಗೆ ಬಿದ್ದು ಟಕ್ಕೆಂದು ನಿಲ್ಲುವಂತೆ ಮಾಡುವುದು. ಚಾವಿಯ ಗುಂಡಿ ತಟ್ಟೆಗೆ ತಗುಲದಷ್ಟು ಎತ್ತರದಲ್ಲಿರಬೇಕು. ಮಗ್ಗುಲಾಗಿ ನಿಲ್ಲಿಸಿ ತಿರುಗಿಸಿದ ಮೇಲೆ ಆ ಗುಂಡಿ ಎಂದಿನಂತೆ ಬಲಗಡೆಗೇ ಬರುತ್ತದೆ. ಇಲ್ಲಿ ನಿಸರ್ಗವೇ ಒಂದು ಉಪಕಾರ ಮಾಡುತ್ತದೆ. ಕವಚದ ಅಗಲ 40 ಮಿ.ಮೀ., ಪಟ್ಟಿಯದು 20 ಮಿ.ಮೀ. ಆಗಿದ್ದರೆ ಮುಂಭಾಗವು ಪಟ್ಟಿಯ ಅಂಚಿಗಿಂತ 10 ಮಿ.ಮೀ. ಕೆಳಕ್ಕೆ ಚಾಚಿರುತ್ತದೆ. ಮುಂದಿನಿಂದ ಹಿಂದಕ್ಕೆ ಸುಮಾರು 55 ಮಿ.ಮೀ. ಆಳವಿರುವ ಕಡೆ ಇದರಿಂದ ಗಡಿಯಾರದ ಮುಖವು ಸುಮಾರು 10 ಡಿಗ್ರಿ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಬೇಕಾದದ್ದೇ ಅದು. ಆದರೆ ಮೆತ್ತನೆಯ ಚರ್ಮದ ಪಟ್ಟಿ ಈ ಭಾರ ಹೊರದು. ಬಳೆಯಂತೆ ಆಕಾರ ಹಿಡಿದು ನಿಲ್ಲುವ ಲೋಹದ ಪಟ್ಟಿ ಬೇಕು. ದುಂಡು ಕವಚಕ್ಕಿಂತ ಚೌಕ ಕವಚವು ಮೇಜಿನ ಮೇಲೆ ಭದ್ರವಾಗಿ ಕೂರುತ್ತದೆ. ದುಂಡಗಿನದೇ ಬೇಕೆಂದರೆ ತಳತಟ್ಟೆಯ ಅಂಚನ್ನಾದರೂ ಸಪಾಟಾಗಿಸಬೇಕು.

ಓದುವ ದೂರದ ಲೆಕ್ಕವನ್ನೂ ಬಿಡುವಂತಿಲ್ಲ. ಫಲಕ ಬರೆಯುವವರು ಅನುಸರಿಸುವ ಒಂದು ಸ್ಥೂಲ ನಿಯಮದಂತೆ ಅಕ್ಷರದ ಎತ್ತರವು ಓದುವ ದೂರದ ಇನ್ನೂರರಲ್ಲಿ ಒಂದು ಭಾಗವಿರಬೇಕು. ಎರಡು ಮೀಟರ್ ದೂರಕ್ಕೆ 10 ಮಿ.ಮೀ. ಎತ್ತರದ ಅಂಕಿ ಬೇಕು. ಕೈಗಡಿಯಾರದ ಮೇಲೆ 4 ಮಿ.ಮೀ. ಅಂಕಿಯೇ ದೊಡ್ಡದು, ಅದು 80 ಸೆಂ.ಮೀ. ತನಕ ಮಾತ್ರ ಸಲೀಸು. ಮುಳ್ಳಿನ ಕೋನವನ್ನು ಅಂಕಿ ಕಾಣದಷ್ಟು ದೂರದಿಂದಲೂ ಗುರುತಿಸಬಹುದಾದ್ದರಿಂದ ದಪ್ಪ ಮುಳ್ಳು, ಎದ್ದು ಕಾಣುವ ಹನ್ನೆರಡರ ಗುರುತು, ಕತ್ತಲಲ್ಲಿ ಹೊಳೆಯುವ ಲೇಪ ಇವು ಸಾಕು. ಆದರೂ ಇದು ಹಾಸಿಗೆ ಪಕ್ಕದ, ಬರೆಯುವ ಮೇಜಿನ ಗಡಿಯಾರವೇ ಹೊರತು ಪಡಸಾಲೆಯದಲ್ಲ. ಪೆಟ್ಟಿಗೆಯ ಮೇಲೆ ಅದನ್ನು ಹಾಗೆಯೇ ಬರೆಯುವುದು ವ್ಯಾಪಾರಕ್ಕೂ ಕ್ಷೇಮ.

ಯಂತ್ರದ ಆಯ್ಕೆ ತುಸು ಸರಳ. ಮಾಮೂಲು ಮೇಜುಗಡಿಯಾರದ ಯಂತ್ರಕ್ಕೆ ಬೇಕಾದ ಡಬಲ್ ಎ ಸೆಲ್ಲು 50 ಮಿ.ಮೀ.ಗೂ ಉದ್ದ, ಅದು ಮಣಿಕಟ್ಟಿಗೆ ಬಾರದು. ಆದ್ದರಿಂದ ಕೈಗಡಿಯಾರದ ಸ್ಫಟಿಕ ಯಂತ್ರವೇ ಗತಿ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಆ ಸ್ಫಟಿಕಕ್ಕೆ ಗಡಿಯಾರ ಮಲಗಿದೆಯೋ ನಿಂತಿದೆಯೋ ಎಂಬುದು ಮುಖ್ಯವಲ್ಲ. ಚಾವಿ ಕೊಡುವ ಯಾಂತ್ರಿಕ ಗಡಿಯಾರವಾದರೆ ಇಟ್ಟ ಭಂಗಿಗೆ ತಕ್ಕಂತೆ ದಿನಕ್ಕೆ ಕೆಲವು ಸೆಕೆಂಡು ಹಿಂದುಮುಂದಾಗುತ್ತದೆ. ಹಗಲು ಒಂದು ಭಂಗಿ, ರಾತ್ರಿ ಇನ್ನೊಂದು ಎಂದಾಗ ಅದನ್ನು ಎರಡಕ್ಕೂ ಹೊಂದಿಸುವ ನುರಿತ ಕೈಗಳು ಈಗ ಸುಲಭವಾಗಿ ಸಿಗುವುದಿಲ್ಲ.

ಇನ್ನು ಕೀಲಿನ ಬಾಳಿಕೆ. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ತಿರುಗಿಸಿದರೆ ವರ್ಷಕ್ಕೆ 730 ಚಲನೆ, ಐದು ವರ್ಷಕ್ಕೆ 3,650. ಕುತೂಹಲದಿಂದ ಸುಮ್ಮನೆ ತಿರುಗಿಸುತ್ತಾ ಕೂರುವವರನ್ನೂ (ಅಂಥವರೇ ಹೆಚ್ಚು) ಗಣನೆಗೆ ತೆಗೆದುಕೊಂಡು 10,000 ಚಲನೆಗೆ ಪರೀಕ್ಷಿಸುವುದು ಉಚಿತ. ಸಣ್ಣ ಗೇರ್ ಮೋಟಾರು ಜೋಡಿಸಿ ಆರು ಸೆಕೆಂಡಿಗೆ ಒಂದು ಚಲನೆಯಂತೆ ಓಡಿಸಿದರೆ 16 ಗಂಟೆ 40 ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಹಿತ್ತಾಳೆಗೆ ಕ್ರೋಮಿಯಂ ಮುಲಾಮು ಹಾಕಿದ ತಟ್ಟೆ ಅಗ್ಗ, ಆದರೆ ಉಜ್ಜುವ ಕಡೆ ಮುಲಾಮು ಮೊದಲು ಹೋಗಿ ಹಳದಿ ಕಾಣುತ್ತದೆ. 316ಎಲ್ ದರ್ಜೆಯ ತುಕ್ಕುರಹಿತ ಉಕ್ಕು ದುಬಾರಿಯಾದರೂ ಬೆವರನ್ನು ತಾಳುತ್ತದೆ. ಕೀಲು ಪೂರ್ತಿಯಾಗಿ ಮುಚ್ಚಿದ ಕವಚದ ಹೊರಗೇ ಇರಬೇಕು. ಕೀಲಿನ ಅಕ್ಷ ಕವಚವನ್ನು ತೂತು ಮಾಡಿ ಒಳಹೊಕ್ಕರೆ ನೀರು, ಕಬ್ಬಿನ ಹಂಗಾಮಿನ ಧೂಳು ಅದರ ಹಿಂದೆಯೇ ಹೋಗುತ್ತವೆ.

ತೋರಿಸುವ ಮುನ್ನ ನೋಂದಣಿ

ಇಲ್ಲಿಯೇ ಸಣ್ಣ ಉದ್ಯಮಿಗಳು ಹೆಚ್ಚಾಗಿ ನಷ್ಟ ಹೊಂದುವುದು. ಮಾದರಿ ಸಿದ್ಧವಾದ ಸಂಭ್ರಮದಲ್ಲಿ ಅದನ್ನು ಮೇಳದಲ್ಲಿಟ್ಟು, ವಿತರಕರಿಗೆ ತೋರಿಸಿ, ಛಾಯಾಚಿತ್ರ ಹಂಚಿ, ಆರ್ಡರು ಬಂದ ಮೇಲೆ ನೋಂದಣಿಯ ಮಾತು ಎತ್ತುತ್ತಾರೆ. ವಿನ್ಯಾಸಗಳ ಅಧಿನಿಯಮ, 2000ರ 4ನೆಯ ಕಲಮಿನ ಪ್ರಕಾರ, ಅರ್ಜಿಗೆ ಮುನ್ನ ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ಸಾರ್ವಜನಿಕವಾಗಿ ಪ್ರಕಟವಾದ ವಿನ್ಯಾಸಕ್ಕೆ ನೋಂದಣಿ ಇಲ್ಲ. ಪ್ರಕಟಿಸಿದವನು ಅದರ ಒಡೆಯನೇ ಆಗಿದ್ದರೂ ಅಷ್ಟೇ. ಪ್ರದರ್ಶನಗಳಿಗೆ 21ನೆಯ ಕಲಮಿನಲ್ಲಿ ವಿನಾಯಿತಿ ಇದೆ ನಿಜ; ಆದರೆ ಆ ಪ್ರದರ್ಶನವು ಕೇಂದ್ರ ಸರ್ಕಾರ ಅಧಿಸೂಚಿಸಿದ್ದಾಗಿರಬೇಕು, ನಿಯಂತ್ರಕರಿಗೆ ಮೊದಲೇ ತಿಳಿವಳಿಕೆ ಕೊಟ್ಟಿರಬೇಕು, ಆರು ತಿಂಗಳೊಳಗೆ ಅರ್ಜಿ ಹಾಕಿರಬೇಕು. ಊರ ಜಾತ್ರೆಯ ವಸ್ತುಪ್ರದರ್ಶನ ಈ ವ್ಯಾಖ್ಯೆಗೆ ಬರುವುದಿಲ್ಲ. ಅಚ್ಚು ತಯಾರಿಸುವವರಿಗೆ ನಂಬಿಕೆಯ ಮೇಲೆ ಗೋಪ್ಯವಾಗಿ ತೋರಿಸಿದ್ದು ಪ್ರಕಟಣೆ ಆಗದೆಂದು 16ನೆಯ ಕಲಮು ರಕ್ಷಣೆ ನೀಡುತ್ತದೆ. ಆದರೂ ಗೋಪ್ಯತೆಯ ಒಂದು ಪುಟದ ಕರಾರನ್ನು ಬರೆಸಿಕೊಳ್ಳುವುದು ಲೇಸು; ಬಾಯಿಮಾತಿಗೆ ಸಾಕ್ಷಿ ಹುಡುಕುವುದು ಕಷ್ಟ.

ಈ ಅಧಿನಿಯಮವು ಕಣ್ಣಿಗೆ ಕಾಣುವ ಆಕಾರ, ಅಲಂಕಾರಗಳನ್ನು ಮಾತ್ರ ರಕ್ಷಿಸುತ್ತದೆ. ರಚನೆಯ ತತ್ತ್ವವನ್ನೂ ಬರಿಯ ಯಾಂತ್ರಿಕ ಸಾಧನವನ್ನೂ ವಿನ್ಯಾಸದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಗಡಿಯಾರ ನಿಂತಾಗ ಕಾಣುವ ರೂಪಕ್ಕೆ ನೋಂದಣಿ ಸಿಗಬಹುದು. ಅದು ತಿರುಗುವ ಬಗೆಗೆ ಸಿಗದು. ತಿರುಗುವ ಬಗೆಗೆ ಪೇಟೆಂಟ್ ಅಧಿನಿಯಮ, 1970ರ ಬಾಗಿಲು ತಟ್ಟಬೇಕು. ಅಲ್ಲಿ ಕಾದಿರುವ ತಡೆ 3ನೆಯ ಕಲಮಿನ (ಎಫ್) ಖಂಡ: ಮೊದಲೇ ಗೊತ್ತಿರುವ ಸಾಧನಗಳು ತಮ್ಮ ತಮ್ಮ ಕೆಲಸವನ್ನು ಎಂದಿನಂತೆ ಬೇರೆ ಬೇರೆಯಾಗಿ ಮಾಡುತ್ತಿದ್ದರೆ ಅವುಗಳನ್ನು ಬರಿದೆ ಜೋಡಿಸಿದ್ದು ಆವಿಷ್ಕಾರವಲ್ಲ. ಮರದ ಪೀಠ ಮತ್ತು ಗಡಿಯಾರದ ಜೋಡಿ ಇಲ್ಲಿ ನೇರವಾಗಿ ಬಿದ್ದುಹೋಗುತ್ತದೆ. ತಿರುಗುವ ತಟ್ಟೆಯದ್ದೂ ಸುಲಭದ ಹಾದಿಯಲ್ಲ, ಏಕೆಂದರೆ ತಿರುಗುವ, ಮಗುಚುವ ಕವಚಗಳಿಗೆ ತೊಂಬತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಆದ್ದರಿಂದ ಅರ್ಜಿಗೆ ಮುನ್ನ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹುಡುಕಾಟ ನಡೆಸುವುದು ಅವಶ್ಯ, ಅದಕ್ಕೆ ಶುಲ್ಕವಿಲ್ಲ. ಹೊಸತೇನಾದರೂ ಉಂಟೆಂದು ಕಂಡರೆ ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಸಲ್ಲಿಸಿ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದ ಪೇಟೆಂಟ್ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ.

ವ್ಯಾವಹಾರಿಕವಾಗಿ ನೋಡಿದರೆ ಈ ಸರಕಿಗೆ ವಿನ್ಯಾಸ ನೋಂದಣಿಯೇ ಹೆಚ್ಚು ನಂಬತಕ್ಕ ಆಸರೆ. ವ್ಯಕ್ತಿಗಳು, ನವೋದ್ಯಮಗಳು ಮತ್ತು ಸಣ್ಣ ಘಟಕಗಳಿಗೆ ಅರ್ಜಿ ಶುಲ್ಕ 1,000 ರೂಪಾಯಿ. ಅವಧಿ ಹತ್ತು ವರ್ಷ. ಇನ್ನೈದು ವರ್ಷ ವಿಸ್ತರಿಸಬಹುದು. ವರ್ಗೀಕರಣದಲ್ಲಿ ಮೇಜುಗಡಿಯಾರ 10-01, ಕೈಗಡಿಯಾರ 10-02. ಎರಡೂ ಹತ್ತನೆಯ ವರ್ಗದಲ್ಲೇ ಇರುವುದು ಅದೃಷ್ಟ, ಏಕೆಂದರೆ ಒಂದು ವಿನ್ಯಾಸವನ್ನು ಒಂದಕ್ಕಿಂತ ಹೆಚ್ಚು ವರ್ಗಗಳಲ್ಲಿ ನೋಂದಾಯಿಸಲಾಗದು. ಅರ್ಜಿಯ ಚಿತ್ರಗಳಲ್ಲಿ ಮಡಿಚಿದ ಮತ್ತು ನಿಂತ ಎರಡೂ ಭಂಗಿಗಳನ್ನು ತೋರಿಸಬೇಕು. ಮಾರುವ ಪ್ರತಿಯೊಂದು ನಗದ ಮೇಲೂ ನೋಂದಣಿಯ ಗುರುತು ಹಾಕದಿದ್ದರೆ ನಕಲು ಮಾಡಿದವನಿಂದ ಹಣ ವಸೂಲಾಗುವುದು ದುಸ್ತರ. ನಕಲಿಗೆ 22ನೆಯ ಕಲಮು ವಿಧಿಸುವ ಮೊತ್ತ ಒಂದು ಉಲ್ಲಂಘನೆಗೆ 25,000 ರೂಪಾಯಿ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ಮೀರದು. ಮೊತ್ತ ಅಲ್ಪವೇ. ಆದ್ದರಿಂದ ದಾವೆಯಲ್ಲಿ ನಷ್ಟಪರಿಹಾರ ಮತ್ತು ತಡೆಯಾಜ್ಞೆ ಕೇಳುವ ದಾರಿಯೇ ಹೆಚ್ಚು ಪ್ರಯೋಜನಕರ.

ಎಷ್ಟು ಮಾರಿದರೆ ಅಸಲು

ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡ ಊಹೆಗಳು, ಮಾರುಕಟ್ಟೆಯ ದರಗಳಲ್ಲ. ವಿನ್ಯಾಸ ಮತ್ತು ಮಾದರಿಗಳಿಗೆ 1,80,000, ಅಚ್ಚು ಮತ್ತು ಹಿಡಿಕೆಗಳಿಗೆ 4,20,000, ನೋಂದಣಿ ಮತ್ತು ಸಲಹೆಗೆ 40,000, ಪರೀಕ್ಷೆಗೆ 60,000, ಒಟ್ಟು 7,00,000 ರೂಪಾಯಿ ಸ್ಥಿರವೆಚ್ಚ ಎಂದುಕೊಳ್ಳೋಣ. ಒಂದು ನಗಕ್ಕೆ ಯಂತ್ರ 150, ಕೀಲುಸಹಿತ ಕವಚ 380, ಮುಖಫಲಕ, ಮುಳ್ಳು, ಗಾಜು 120, ಪಟ್ಟಿ 110, ಜೋಡಣೆ 70, ಪೆಟ್ಟಿಗೆ 60, ತಿರಸ್ಕೃತ ನಗಗಳ ಬಾಬತ್ತು 60, ಒಟ್ಟು 950 ರೂಪಾಯಿ. ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆ 2,360. ಇದರಲ್ಲಿ ಶೇ. 18ರ ಜಿ.ಎಸ್.ಟಿ. 360 ಕಳೆದರೆ 2,000. ಅಂಗಡಿಯವರಿಗೆ ಶೇ. 30ರಂತೆ 600, ವಿತರಕರಿಗೆ 100 ಹೋಗಿ ತಯಾರಕನ ಕೈಗೆ 1,300. ನಗವೊಂದಕ್ಕೆ 350 ರೂಪಾಯಿ ಉಳಿಯುವುದರಿಂದ 2,000 ನಗ ಮಾರಿದಾಗ ಸ್ಥಿರವೆಚ್ಚ ಮರಳುತ್ತದೆ.

ಕಾಗದದ ಮೇಲಿನ ಈ 2,000 ಎಷ್ಟು ನಾಜೂಕಾದುದೆಂದು ತೋರಿಸಲು ಒಂದೇ ಮಾತು ಸಾಕು. ಅಂಗಡಿಯವರು ಶೇ. 30 ಎಂದಾಗ ಯಾವುದರ ಮೇಲೆ ಎಂದು ಕೇಳಬೇಕು. ತೆರಿಗೆ ಸೇರಿದ ಬೆಲೆಯ ಮೇಲೆ ಎಂದಾದರೆ ಅದು 708 ರೂಪಾಯಿ. ಹೆಚ್ಚಿನ 108 ತಯಾರಕನ ಜೇಬಿನಿಂದ ಹೋಗಿ ಉಳಿಕೆ 242ಕ್ಕೆ ಇಳಿಯುತ್ತದೆ. ಅಸಲು ಗಿಟ್ಟಲು 2,893 ನಗ ಮಾರಬೇಕಾಗುತ್ತದೆ. ಒಂದು ಪ್ರಶ್ನೆ ಕೇಳದಿದ್ದುದರ ಬೆಲೆ ಸುಮಾರು ಒಂಬೈನೂರು ಗಡಿಯಾರ.

ಕೀಲಿಗೆ ಮರಳಿ ಬರೋಣ. ಅಗ್ಗದ ಕೀಲು ಹಾಕಿದ್ದರಿಂದ ನೂರಕ್ಕೆ ಆರು ನಗ ವಾಪಸು ಬಂದು, ಸಾಗಾಣಿಕೆ ಸೇರಿ ಪ್ರತಿಯೊಂದಕ್ಕೂ 1,000 ರೂಪಾಯಿ ಖರ್ಚಾದರೆ ನಗವೊಂದರ ಮೇಲೆ 60 ರೂಪಾಯಿ ಹೊರೆ. ಕೀಲಿಗೆ 25 ರೂಪಾಯಿ ಹೆಚ್ಚು ಹಾಕಿ ವಾಪಸಾತಿಯನ್ನು ನೂರಕ್ಕೆ ಒಂದಕ್ಕೆ ಇಳಿಸಿದರೆ ಹೊರೆ 35. ಮೊದಲ ಸಂದರ್ಭದಲ್ಲಿ 2,414 ನಗ, ಎರಡನೆಯದರಲ್ಲಿ 2,223 ನಗ ಮಾರಬೇಕು. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಆರು ಬಾರಿ ಗ್ರಾಹಕರ ಬೈಗುಳ ಕೇಳಿದ ಅಂಗಡಿಯವರು ಎರಡನೆಯ ಆರ್ಡರು ಕೊಡದಿರುವ ನಷ್ಟ ಈ ಲೆಕ್ಕದಲ್ಲಿ ಇಲ್ಲ. ಮೊದಲ 500 ನಗಗಳಿಗೆ 4,75,000 ರೂಪಾಯಿಯ ದುಡಿಯುವ ಬಂಡವಾಳವೂ ಸೇರಿ, ಒಂದು ರೂಪಾಯಿ ಒಳಬರುವ ಮುನ್ನ 11,75,000 ರೂಪಾಯಿ ಹೊರಹೋಗಿರುತ್ತದೆ. ಮನೆಯ ಮೇಲೆ ಸಾಲ ತೆಗೆದವನಿಗೆ ಎರಡನೆಯ ಆರ್ಡರೇ ಜೀವಾಳ.

ಈ ವೆಚ್ಚವನ್ನು ಪುಸ್ತಕದಲ್ಲಿ ಬರೆಯುವ ಕ್ರಮದಲ್ಲಿಯೂ ಎಚ್ಚರ ಬೇಕು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭ-ನಷ್ಟಕ್ಕೇ ಹಾಕಬೇಕು. ಸರಕು ತಾಂತ್ರಿಕವಾಗಿ ಸಾಧ್ಯ, ಅದನ್ನು ಪೂರ್ತಿಗೊಳಿಸಿ ಮಾರುವ ಉದ್ದೇಶವೂ ಸಂಪನ್ಮೂಲವೂ ಇದೆ, ಅದರಿಂದ ಆದಾಯ ಬರುತ್ತದೆ, ಖರ್ಚನ್ನು ನಿಖರವಾಗಿ ಅಳೆಯಬಹುದು ಎಂದು ತೋರಿಸಿದ ಮೇಲಿನ ಅಭಿವೃದ್ಧಿ ಖರ್ಚನ್ನು ಮಾತ್ರ ಆಸ್ತಿಯಾಗಿ ತೋರಿಸಬಹುದು. ಯಾವ ದಾರಿ ಹಿಡಿಯಬೇಕೆಂದು ಮೂರು ಬಗೆಗಳನ್ನು ತೂಗಿ ನೋಡಿದ ತಿಂಗಳುಗಳು ಸಂಶೋಧನೆ. ತಿರುಗುವ ತಟ್ಟೆಯನ್ನು ಆರಿಸಿ ಪರೀಕ್ಷೆಗೆ ಇಳಿದ ನಂತರದ್ದು ಅಭಿವೃದ್ಧಿ. ಅಚ್ಚುಗಳು ಸ್ಥಿರ ಆಸ್ತಿ, ಅವುಗಳ ದಾರಿ ಬೇರೆ. ಖರ್ಚಿನ ದಿನಾಂಕ, ಉದ್ದೇಶಗಳನ್ನು ಆಗಲೇ ಬರೆದಿಡದೆ ಮಾರ್ಚ್ ತಿಂಗಳ ಕೊನೆಗೆ ನೆನಪಿನಿಂದ ಹಂಚಲು ಹೊರಟರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಬಿಲ್ಲಿನಲ್ಲಿ ಇದನ್ನು ಏನೆಂದು ಬರೆಯಬೇಕು? ಸುಂಕದ ಪಟ್ಟಿಯ 91ನೆಯ ಅಧ್ಯಾಯದಲ್ಲಿ ಕೈಗಡಿಯಾರಕ್ಕೆ 9102, ಕೈಗಡಿಯಾರದ ಯಂತ್ರವುಳ್ಳ ಮೇಜುಗಡಿಯಾರಕ್ಕೆ 9103. ದಪ್ಪ 12 ಮಿ.ಮೀ., ಅಗಲ, ಉದ್ದ ಅಥವಾ ವ್ಯಾಸ 50 ಮಿ.ಮೀ. ಮೀರದ ಯಂತ್ರವೇ ಕೈಗಡಿಯಾರದ ಯಂತ್ರವೆಂದು ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಎರಡೂ ಉಪಯೋಗವಿರುವ ಸರಕನ್ನು ಅದರ ಮೂಲಸ್ವಭಾವ ಯಾವುದೋ ಅದರಲ್ಲಿ ಸೇರಿಸಬೇಕೆಂಬುದು ವರ್ಗೀಕರಣದ ಸಾಮಾನ್ಯ ನಿಯಮ. ಪಟ್ಟಿಯೊಡನೆ ಮಾರುವ, ಹಗಲೆಲ್ಲ ಕೈಯಲ್ಲಿರುವ ಈ ಸರಕು 9102ಕ್ಕೆ ಸೇರುತ್ತದೆಂದು ವಾದಿಸಲು ಸಾಕಷ್ಟು ಆಧಾರವಿದೆ. ದೇಶದೊಳಗೆ ಎರಡಕ್ಕೂ ಜಿ.ಎಸ್.ಟಿ. ದರ ಒಂದೇ ಆದ್ದರಿಂದ ವಿವಾದಕ್ಕೆ ಎಡೆ ಕಡಿಮೆ. ರಫ್ತಿನ ಮಾತು ಬಂದಾಗ ಕೊಳ್ಳುವ ದೇಶದ ಸುಂಕವನ್ನು ಮೊದಲೇ ವಿಚಾರಿಸಬೇಕು. ಒಂದು ಬಿಲ್ಲಿನಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಇನ್ನೊಂದು ಎಂಬುದಂತೂ ಸಲ್ಲದು.

ಈ ಸರಕಿನ ಸಹಜ ಮಾರುಕಟ್ಟೆ ಅಂಗಡಿಗಿಂತ ಉಡುಗೊರೆಯದ್ದು: ನಿವೃತ್ತಿಯ ಬೀಳ್ಕೊಡುಗೆ, ಬ್ಯಾಂಕು, ಸಹಕಾರಿ ಸಂಘಗಳ ವಾರ್ಷಿಕೋತ್ಸವ, ಮದುವೆ. ನೇರವಾಗಿ 1,500 ರೂಪಾಯಿಗೆ ತೆರಿಗೆ ಸೇರಿಸಿ 1,770ಕ್ಕೆ ಮಾರಿದರೆ ಕೊಳ್ಳುವವರಿಗೂ ಅಂಗಡಿಯ ಬೆಲೆಗಿಂತ 590 ಅಗ್ಗ. ತಯಾರಕನ ಉಳಿಕೆ 550ಕ್ಕೆ ಏರಿ 1,273 ನಗಗಳಲ್ಲೇ ಅಸಲು ಗಿಟ್ಟುತ್ತದೆ. ಆದರೆ ಉಡುಗೊರೆಯಾಗಿ ಕೊಟ್ಟ ಸರಕಿನ ಹೂಡುವಳಿ ತೆರಿಗೆಯನ್ನು ಕಳೆದುಕೊಳ್ಳಲು ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮು ಅವಕಾಶ ಕೊಡುವುದಿಲ್ಲ. ಆದ್ದರಿಂದ ಸಂಸ್ಥೆಯ ದೃಷ್ಟಿಯಲ್ಲಿ ಬೆಲೆ 1,500 ಅಲ್ಲ, ಪೂರ್ತಿ 1,770. ಮಾತುಕತೆಯನ್ನು ಆ ಅಂಕಿಯಿಂದಲೇ ಆರಂಭಿಸುವುದು ಪ್ರಾಮಾಣಿಕ. ಇದೇ ಕಲಮಿನಂತೆ ತಯಾರಕನು ಬಿಟ್ಟಿ ಹಂಚಿದ ಮಾದರಿ ಗಡಿಯಾರಗಳ ಮೇಲಿನ ತೆರಿಗೆಯನ್ನೂ ಹಿಂದಿರುಗಿಸಬೇಕು. ಐವತ್ತು ನಗ ಹಂಚುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಕೊನೆಯದಾಗಿ ಸೆಲ್ಲಿನ ವಿಷಯ. ಎರಡು-ಮೂರು ವರ್ಷಕ್ಕೊಮ್ಮೆ ಈ ಗಡಿಯಾರ ಗೋಕಾಕದ ಅಥವಾ ಸಂಕೇಶ್ವರದ ಯಾವುದೋ ರಿಪೇರಿ ಅಂಗಡಿಯ ಮೇಜಿಗೆ ಬರುತ್ತದೆ. ತಳತಟ್ಟೆ ಹಿಂಬದಿಯನ್ನು ಮುಚ್ಚಿರುವುದರಿಂದ ರಿಪೇರಿಯವರಿಗೆ ಮುಚ್ಚಳ ಎಲ್ಲಿದೆಯೆಂದೇ ತಿಳಿಯದೆ, ಚಾಕು ಹಾಕಿ ಎತ್ತಿ ಕೀಲನ್ನು ಬಗ್ಗಿಸುವ ಸಂಭವ ಉಂಟು. ತಟ್ಟೆಯನ್ನು 45 ಡಿಗ್ರಿಗೆ ನಿಲ್ಲಿಸಿದಾಗ ಮಾತ್ರ ಎರಡು ಸ್ಕ್ರೂಗಳು ಕಾಣುವಂತೆ ರಂಧ್ರ ಬಿಟ್ಟರೆ, ಅವರ ಬಳಿ ಈಗಾಗಲೇ ಇರುವ ಚಿಕ್ಕ ಸ್ಕ್ರೂಡ್ರೈವರಿನಿಂದಲೇ ಕೆಲಸವಾಗುತ್ತದೆ. ಮೊದಲ ಕಂತಿನ ಸರಕಿನೊಡನೆ ಇದನ್ನು ಚಿತ್ರಸಹಿತ ವಿವರಿಸುವ ಒಂದು ಹಾಳೆಯನ್ನು ಆ ಅಂಗಡಿಗಳಿಗೂ ತಲುಪಿಸಬೇಕು. ಮುದ್ರಣದ ಖರ್ಚು ನಗವೊಂದಕ್ಕೆ ಒಂದು ರೂಪಾಯಿಯೂ ಆಗದು.